ನಗೋರು ನಗಲಿ, ಕೇಳೋರಿಗೆ ಉತ್ತರ ಕೊಡಿ

ಈ ಸಲ ಅಡಿಗೆ ವಿಷಯ ಇಲ್ಲ, ಅಕ್ಷರದ ವಿಷಯ. ಪಂಡಿತರ ಮಾತು ಇವಳಿಗ್ಯಾಕೆ ಅಂತ ಅನ್ಕಬೇಡಿ. ನಾನು ಪಿಯುಸಿ ಓದಿ ಮದ್ವೆ ಆಗಿ ಬಂದೋಳು, ಪಂಡಿತಳಲ್ಲ, ಒಪ್ಪಿದೆ. ಆದ್ರೆ ಒಂದು ಲಗ್ನಪತ್ರಿಕೆಯ ಅಕ್ಷರಕ್ಕೆ ನಮ್ಮ ಎರಡು ಮನೆ ಮಾತು ಬಿಡೋ ಹಂಗಾಗೈತೆ ಅಂದ್ಮೇಲೆ ಅದು ಮನೆ ವಿಷಯಾನೇ.

ನಿಮ್ಮಲ್ಲಿ ಸುಮಾರು ಜನಕ್ಕೆ ಆ ಪತ್ರಿಕೆ ತಲುಪೈತೆ. ಗುಬ್ಬಿಯ ನಮ್ಮಕ್ಕನ ಮಗ ತಾನೇ ಬರೆದು ಅಚ್ಚು ಹಾಕಿಸಿದ್ದು. ಭಾನುವಾರ ಇರಬೇಕಾದ ಕಡೆ ‘ಬಾನುವಾರ’, ಧಾರೆ ಇರಬೇಕಾದ ಕಡೆ ‘ದಾರೆ’, ವಿಶೇಷ ಸೂಚನೆ ಬದಲು ‘ವಿಶೇಶ ಸೂಚನೆ’. ಅಚ್ಚಿನ ತಪ್ಪಲ್ಲ, ಬೇಕು ಅಂತಲೇ ಬರೆದದ್ದು. ಅವನು ‘ಎಲ್ಲರ ಕನ್ನಡ’ದ ಕಡೆಯೋನು. ಕುಣಿಗಲ್ಲಿನ ನಮ್ಮ ಚಿಕ್ಕಪ್ಪ ಕನ್ನಡ ಮೇಷ್ಟ್ರಾಗಿ ರಿಟೈರ್ ಆದೋರು. ಪತ್ರಿಕೆ ನೋಡಿದ್ದೇ ನಮ್ಮಕ್ಕನಿಗೆ ಫೋನ್ ಮಾಡಿ, ‘ಹುಡುಗನಿಗೆ ಮದ್ವೆ ಆಮೇಲೆ ಮಾಡು, ಮೊದ್ಲು ಒಂದನೇ ಕ್ಲಾಸಿಗೆ ಸೇರಿಸು’ ಅಂದ್ರು. ಹುಡುಗ ಫೋನ್ ಇಸ್ಕಂಡು, ‘ತಾತ, ಕನ್ನಡ ಹಾಳಾಗಿದ್ದೇ ನಿಮ್ಮಂಥ ಪಂಡಿತರಿಂದ’ ಅಂದ. ಅಲ್ಲಿಗೆ ಮುಗೀತು. ಚಿಕ್ಕಪ್ಪ ಮದ್ವೆಗೆ ಬರಲ್ಲ ಅಂತವ್ರೆ. ನಮ್ಮಕ್ಕ ಯಾರ ಕಡೆ ಮಾತಾಡೋಕೂ ಆಗದೆ ಅಳ್ತಾ ಕೂತವ್ಳೆ.

ಯಾರು ಸರಿ ಅಂತ ನೀವೆಲ್ಲಾ ನನ್ನ ಕೇಳ್ತಿದೀರಿ. ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಹುಡುಗ ಹಿಡಿದಿರೋ ವಿಷಯ ನಗೋ ವಿಷಯ ಅಲ್ಲ. ಅದ್ರಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆ ಬೇಕಾದ್ದು ಐತೆ. ಆದ್ರೆ ಟೀಕೆ ಬಂದಾಗ ಅವನು ಕೊಟ್ಟ ಉತ್ತರ ಸರಿ ಇಲ್ಲ. ಟೀಕೆ ಅನ್ನೋದನ್ನ ಮೊರಕ್ಕೆ ಹಾಕಿ ಕೇರಬೇಕು. ಹೊಟ್ಟು ಹಾರಿಸಬೇಕು, ಕಲ್ಲು ಆರಿಸಿ ಎಸೀಬೇಕು, ಕಾಳು ಇಟ್ಕಬೇಕು. ಈ ಹುಡುಗ ಮೊರದ ಸಮೇತ ಬೀದಿಗೆ ಎಸೆದ.

ಮೊದ್ಲು ‘ಎಲ್ಲರ ಕನ್ನಡ’ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ. ಡಿ.ಎನ್. ಶಂಕರ ಭಟ್ ಅಂತ ದೊಡ್ಡ ಭಾಷಾ ವಿದ್ವಾಂಸರು. ತಮ್ಮ ಹೆಸರನ್ನೂ ಪುಸ್ತಕದ ಮೇಲೆ ‘ಬಟ್’ ಅಂತಲೇ ಹಾಕಿಸ್ಕಂಡೋರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’, ‘ಕನ್ನಡ ಬರಹವನ್ನು ಸರಿಪಡಿಸೋಣ’ ಅಂತೆಲ್ಲಾ ಪುಸ್ತಕ ಬರೆದವ್ರೆ. 2012ರ ಪಂಪ ಪ್ರಶಸ್ತಿ ಅವರಿಗೆ ಬಂದೈತೆ. ಹಂಗಾಗಿ ಇದು ಯಾರೋ ಅಕ್ಷರ ಬರದೋರ ಹಠ ಅಂತ ಅನ್ನೋಹಂಗಿಲ್ಲ. ಅವರ ಮಾತಿನ ತಿರುಳು ಇಷ್ಟೇ: ಕನ್ನಡದ ಜನ ಸಾಮಾನ್ಯವಾಗಿ ಮಾತಾಡುವಾಗ ಮಹಾಪ್ರಾಣ ಉಸುರೋದಿಲ್ಲ, ಸಂಸ್ಕೃತದಿಂದ ಬಂದ ಪದಗಳನ್ನ ಅಲ್ಲಿನ ಥರಾನೇ ಬರೀಬೇಕು ಅಂತ ಆ ಅಕ್ಷರ ಇಟ್ಕಂಡಿದೀವಿ, ಅದನ್ನ ಕಲಿಯೋ ಭಾರ ಮಾತ್ರ ಎಲ್ಲಾ ಮಕ್ಕಳ ತಲೆ ಮೇಲೆ.

ಲೆಕ್ಕ ಹಾಕಿ ನೋಡಿ. ನಾವು ಸ್ಲೇಟಿನ ಮೇಲೆ ತಿದ್ದಿದ್ದು 49 ಅಕ್ಷರ. ಅದ್ರಲ್ಲಿ ಖ, ಘ, ಛ, ಝ, ಠ, ಢ, ಥ, ಧ, ಫ, ಭ ಅಂತ 10 ಮಹಾಪ್ರಾಣ. ಙ, ಞ 2. ಷ 1. ಋ 1. ಐ, ಔ 2, ಅವನ್ನ ‘ಅಯ್’, ‘ಅವ್’ ಅಂತ ಬರೀಬಹುದು. ಅಂ, ಅಃ 2. ಒಟ್ಟು 18 ಕಳೆದ್ರೆ ಉಳಿಯೋದು 31. ಸೊನ್ನೆನ ಬರೆಯೋ ಅನುಕೂಲಕ್ಕೆ ಇಟ್ಕತಾರೆ. ಇದರ ಜೊತೆಗೆ ಹೊಸ ಪದ ಬೇಕಾದಾಗ ಸಂಸ್ಕೃತದ ಮನೆಗೆ ಸಾಲಕ್ಕೆ ಹೋಗದೆ ಕನ್ನಡದ ಬೇರಿಂದಲೇ ಕಟ್ಟಬೇಕು ಅಂತಾರೆ. ಇಂಟರ್‌ನೆಟ್‌ಗೆ ‘ಮಿಂಬಲೆ’, ಇಮೇಲ್‌ಗೆ ‘ಮಿಂಚೆ’, ವಿಜ್ಞಾನಕ್ಕೆ ‘ಅರಿಮೆ’, ಹಿಂಗೆ. ‘ಹೊನಲು’ ಅಂತ ಒಂದು ಪತ್ರಿಕೆ ನೆಟ್ಟಲ್ಲಿ ಬರುತ್ತೆ, ಪೂರಾ ಇದೇ ಬರಹ. ಅದ್ರಲ್ಲಿ ಅಡಿಗೆ ಬರಹಗಳೂ ಇರ್ತವೆ, ಓದಿ ನೋಡಿ.

ಹುಡುಗನಿಗೆ ಬುದ್ಧಿ ಹೇಳೋಣ ಅಂತ ನಾನು ಫೋನ್ ಮಾಡಿದ್ದಾಗ ಅವನು ಇನ್ನೊಂದು ಮಾತಂದ. ‘ಚಿಕ್ಕಮ್ಮ, ಇದ್ದ ಅಕ್ಷರ ಕಮ್ಮಿ ಮಾಡೋಕೇ ಇಷ್ಟು ರಂಪ ಮಾಡ್ತೀರಲ್ಲ, ಒಬ್ಬ ಡಾಕ್ಟ್ರು ಇಡೀ ಭಾಷೇನೇ ಹೊಸದಾಗಿ ಕಟ್ಟಿದ, ಅದನ್ನ ಇವತ್ತಿಗೂ ಜನ ಮಾತಾಡ್ತಾವ್ರೆ’ ಅಂದ. ಅದರ ಹೆಸರು ಎಸ್ಪೆರಾಂಟೊ. ನಾನು ಹುಡುಕಿ ಓದ್ದೆ. ಓದಿದ್ಮೇಲೆ ನನಗನ್ನಿಸಿದ್ದು, ಆ ಭಾಷೆಯೋರು ತಿಂದಿರೋ ಬೈಗುಳದ ಮುಂದೆ ನಮ್ಮ ಹುಡುಗ ತಿಂದಿದ್ದು ಏನೂ ಅಲ್ಲ. ಅವರ ಕತೆಯಿಂದ ಇವನೂ ಕಲೀಬಹುದು, ಚಿಕ್ಕಪ್ಪನೂ ಕಲೀಬಹುದು.

ಜಾಮೆನ್‌ಹಾಫ್ ಅಂತ ಒಬ್ಬ ಕಣ್ಣಿನ ಡಾಕ್ಟ್ರು. ಹುಟ್ಟಿದ್ದು 1859ರಲ್ಲಿ, ಬಿಯಾಲಿಸ್ಟೋಕ್ ಅನ್ನೋ ಊರಲ್ಲಿ. ಆಗ ಅದು ರಷ್ಯಾದ ಕೈಲಿತ್ತು, ಈಗ ಪೋಲೆಂಡಲ್ಲಿ ಐತೆ. ಯಹೂದಿಗಳು, ಪೋಲಿಷ್ ಜನ, ರಷ್ಯನ್ನರು, ಜರ್ಮನ್ನರು, ಒಂದೇ ಊರಲ್ಲಿ ನಾಲ್ಕು ಭಾಷೆ. ಒಬ್ಬರಿಗೆ ಒಬ್ಬರನ್ನ ಕಂಡ್ರೆ ಆಗ್ತಿರ್ಲಿಲ್ಲ. ಎಲ್ಲರಿಗೂ ಅವರವರ ಮನೆಮಾತು ಹಂಗೇ ಇರಲಿ, ಮಧ್ಯಕ್ಕೆ ಯಾರದ್ದೂ ಅಲ್ಲದ ಒಂದು ಸುಲಭದ ಭಾಷೆ ಇರಲಿ ಅಂತ ಈತ ಅಂದ್ಕಂಡ. 1887ರಲ್ಲಿ ವಾರ್ಸಾದಲ್ಲಿ ಸಣ್ಣ ಪುಸ್ತಕ ಅಚ್ಚು ಹಾಕಿಸ್ದ. ವ್ಯಾಕರಣಕ್ಕೆ 16 ನಿಯಮ, ಅಷ್ಟೇ. ತನ್ನ ಹೆಸರು ಹಾಕದೆ ‘ಡಾಕ್ಟರ್ ಎಸ್ಪೆರಾಂಟೊ’ ಅಂತ ಹಾಕ್ಕಂಡ. ಆಸೆ ಇಟ್ಕಂಡಿರೋನು ಅಂತ ಅದರ ಅರ್ಥ. ಆಮೇಲೆ ಭಾಷೆಗೇ ಆ ಹೆಸರು ಬಿತ್ತು. 1905ರಲ್ಲಿ ಫ್ರಾನ್ಸಿನಲ್ಲಿ ಮೊದಲ ಲೋಕ ಸಮ್ಮೇಳನ ಆಯ್ತು. 1954ರಲ್ಲಿ ಯುನೆಸ್ಕೊ ಕೂಡ ಒಳ್ಳೇ ಮಾತಾಡ್ತು.

ಈಗ ಮೊರ ತಗಳಣ.

ಹೊಟ್ಟು ಅಂದ್ರೆ ಬರೀ ನಗೋದು. ‘ಕಾರ್ಖಾನೇಲಿ ಮಾಡಿದ ಭಾಷೆ’, ‘ತಾಯಿ ಇಲ್ಲದ ಭಾಷೆ’ ಅಂತ ಎಸ್ಪೆರಾಂಟೊ ನೋಡಿ ನಕ್ಕರು. ‘ಒಂದನೇ ಕ್ಲಾಸಿಗೆ ಸೇರಿಸು’ ಅಂತ ನಮ್ಮ ಚಿಕ್ಕಪ್ಪ ನಕ್ಕರು. ನಗೋದ್ರಲ್ಲಿ ಪ್ರಶ್ನೆ ಇರಲ್ಲ, ಹಂಗಾಗಿ ಉತ್ತರಾನೂ ಬೇಕಿಲ್ಲ. ಸುಮ್ನೆ ಕೆಲಸ ಮಾಡ್ಕಂಡು ಹೋಗ್ಬೇಕು. ಎಸ್ಪೆರಾಂಟೊದೋರು ಹಂಗೇ ಮಾಡಿದ್ರು. ಸಮ್ಮೇಳನಕ್ಕೆ ಬಂದ ಬೇರೆ ಬೇರೆ ದೇಶದ ಹುಡುಗ ಹುಡುಗಿ ಒಪ್ಕಂಡು ಮದ್ವೆ ಆದ್ರು. ಅವನ ಭಾಷೆ ಇವಳಿಗೆ ಬರಲ್ಲ, ಇವಳದ್ದು ಅವನಿಗೆ ಬರಲ್ಲ, ಮನೇಲಿ ಮಾತು ಎಸ್ಪೆರಾಂಟೊ. ಹುಟ್ಟಿದ ಮಕ್ಕಳು ಅದನ್ನೇ ಕೇಳಿ ಬೆಳೆದ್ವು. ತುಂಬಾ ಜನ ಏನಲ್ಲ, ಆದ್ರೂ ಅವ್ರೆ. ತಾಯಿ ಇಲ್ಲದ ಭಾಷೆ ಅಂತ ಅಂದೋರಿಗೆ ತಾಯಂದಿರೇ ಅಡಿಗೆಮನೇಲಿ ಉತ್ತರ ಕೊಟ್ಬಿಟ್ರು.

ಯಾರೋ ಕೂತ್ಕಂಡು ಮಾಡಿದ್ದು ಉಳಿಯಲ್ಲ ಅನ್ನೋ ಮಾತೂ ಹೊಟ್ಟೇ ಕಣ್ರಮ್ಮ. ನಮ್ಮ ಅಜ್ಜೀರ ಕಾಲದಲ್ಲಿ ರೂಪಾಯಿಗೆ 16 ಆಣೆ, 64 ಪೈಸೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ರೂಪಾಯಿಗೆ 100. ಆಮೇಲೆ ಸೇರು, ಮಣ ಹೋಗಿ ಕಿಲೋ, ಲೀಟರ್ ಬಂತು. ಅದನ್ನೂ ಯಾರೋ ದೊಡ್ಡೋರು ಕಚೇರೀಲಿ ಕೂತು ತೀರ್ಮಾನ ಮಾಡಿದ್ದೇ. ಇವತ್ತು ಅಂಗಡೀಲಿ ಎಲ್ಲಾರೂ ಕಿಲೋ ಲೆಕ್ಕಾನೇ ಕೇಳ್ತೀವಿ. ಆದ್ರೆ ಮನೆಗೆ ಬಂದು ಅನ್ನಕ್ಕೆ ಇಡುವಾಗ ನಾನು ಇವತ್ತಿಗೂ ಅಕ್ಕಿ ಅಳೆಯೋದು ಪಾವಿನಲ್ಲೇ. ಎರಡೂ ಅವೆ, ಒಂದಕ್ಕೊಂದು ಜಗಳ ಇಲ್ಲ. ಕಿಲೋಗೆ ಅಂಗಡೀಲಿ ಕೆಲಸ ಇತ್ತು, ಅದಕ್ಕೆ ಉಳೀತು. ಪಾವಿಗೆ ಅಡಿಗೆಮನೇಲಿ ಕೆಲಸ ಐತೆ, ಅದಕ್ಕೆ ಅದೂ ಉಳೀತು. ಹೊಸ ಬರಹ ಆಗ್ಲಿ ಹೊಸ ಭಾಷೆ ಆಗ್ಲಿ ಉಳಿಯೋದು ಜಗಳ ಗೆದ್ದು ಅಲ್ಲ, ಮಾಡೋ ಕೆಲಸ ಸಿಕ್ಕಿ.

ಕಲ್ಲು ಅಂದ್ರೆ ದ್ವೇಷ. ಹಿಟ್ಲರ್ ತನ್ನ ಪುಸ್ತಕದಲ್ಲೇ ಎಸ್ಪೆರಾಂಟೊನ ಯಹೂದಿಗಳ ಸಂಚು ಅನ್ನೋ ಹಂಗೆ ಬರೆದ. ಜಾಮೆನ್‌ಹಾಫ್ 1917ರಲ್ಲೇ ತೀರ್ಕಂಡಿದ್ದ. ಅವನ ಮೂರು ಜನ ಮಕ್ಕಳನ್ನೂ ಹಿಟ್ಲರ್ ಕಡೆಯೋರು ಕೊಂದ್ರು. ಕಿರೀ ಮಗಳು ಲಿಡಿಯಾ, ದೇಶದೇಶ ಸುತ್ತಿ ಅಪ್ಪನ ಭಾಷೆ ಹೇಳ್ಕೊಡ್ತಿದ್ದ ಹೆಣ್ಣುಮಗಳು, 1942ರಲ್ಲಿ ಟ್ರೆಬ್ಲಿಂಕಾ ಕ್ಯಾಂಪಿನಲ್ಲಿ ಸತ್ಲು. ಅತ್ಲಾಗೆ ರಷ್ಯಾದಲ್ಲಿ ಸ್ಟಾಲಿನ್ನೂ 1937-38ರಲ್ಲಿ ಈ ಭಾಷೆ ಮಾತಾಡೋರನ್ನ ಹಿಡಿಸಿ ಕೊಲ್ಲಿಸ್ದ. ಒಂದಕ್ಕೊಂದು ಶತ್ರುಗಳಾದ ಎರಡು ಸರ್ಕಾರಗಳೂ ಹೆದರಿದ್ವು ಅಂದ್ರೆ, ಎಲ್ಲರೂ ಸಮ ಕೂತು ಮಾತಾಡೋ ಆಸೆಗೆ ಎಷ್ಟು ಶಕ್ತಿ ಇರಬೇಡ.

ನಮ್ಮಲ್ಲಿ ಅಂಥಾದ್ದೇನೂ ಇಲ್ಲ, ದೇವರ ದಯೆ. ಆದ್ರೂ ಸಣ್ಣ ಸಣ್ಣ ಕಲ್ಲು ಅವೆ. ಮಹಾಪ್ರಾಣ ಬೇಕು ಅಂದೋರನ್ನ ಜಾತಿ ಹಿಡಿದು ಬೈಯೋದು, ಬ್ಯಾಡ ಅಂದೋರನ್ನ ಹುಟ್ಟು ಹಿಡಿದು ಹೀಯಾಳಿಸೋದು, ಎರಡೂ ಕಡೆ ನಡೀತೈತೆ. ಇಂಥ ಕಲ್ಲಿಗೆ ಕಲ್ಲು ಎಸೆದ್ರೆ ತಲೆ ಒಡೆಯೋದು ನಡುವೆ ನಿಂತಿರೋ ನಮ್ಮಕ್ಕನಂಥೋರದ್ದು. ‘ನಿಮ್ಮಂಥ ಪಂಡಿತರಿಂದ’ ಅಂತ ಹುಡುಗ ಅಂದಿದ್ದೂ ಕಲ್ಲೇ. ಎಷ್ಟು ಬಡಮಕ್ಕಳಿಗೆ ಆ ಚಿಕ್ಕಪ್ಪ ಕೈ ಹಿಡಿದು ಅಕ್ಷರ ತಿದ್ದಿಸವ್ರೆ ಅಂತ ಅವನಿಗೇ ಗೊತ್ತು.

ಇನ್ನು ಕಾಳು. ಚಿಕ್ಕಪ್ಪನ ಕೋಪದೊಳಗೆ ನಿಜವಾದ ಪ್ರಶ್ನೆಗಳೂ ಇದ್ವು. ನಾನು ಕೂತು ಕೇಳಿಸ್ಕಂಡೆ. ಅವು ಇವು.

ಒಂದು, ‘ಧನಕ್ಕೂ ದನಕ್ಕೂ ವ್ಯತ್ಯಾಸ ಬ್ಯಾಡ್ವೇನಮ್ಮ?’ ಇದಕ್ಕೆ ಉತ್ತರ ಸುಲಭ. ಕಾಲು ಕೆಜಿ ಬೆಲ್ಲ ತಾ ಅಂದ್ರೆ ಯಾರೂ ಬಗ್ಗಿ ಕಾಲು ಮುಟ್ಟಿ ನೋಡ್ಕಳಲ್ಲ. ಹತ್ತು ಮೆಟ್ಲು ಹತ್ತು ಅಂದ್ರೆ ಮಗುವಿಗೂ ಅರ್ಥ ಆಗುತ್ತೆ. ಒಂದೇ ಬರಹಕ್ಕೆ ಎರಡು ಅರ್ಥ ಇರೋ ಪದ ಕನ್ನಡದಲ್ಲಿ ಮೊದಲಿಂದ್ಲೂ ಅವೆ, ಹಿಂದೆ ಮುಂದೆ ಇರೋ ಮಾತು ನೋಡಿ ತಿಳ್ಕತೀವಿ. ಕೊಟ್ಟಿಗೇಲಿ ಕಟ್ಟೋದು ಯಾವುದು, ಬೀರುವಿನಲ್ಲಿ ಇಡೋದು ಯಾವುದು ಅಂತ ಯಾರಿಗೂ ಗೊಂದಲ ಆಗಲ್ಲ.

ಎರಡು, ‘ಅಕ್ಷರ ಬಿಡೋಕೆ ನೀವ್ಯಾರು?’ ಇದಕ್ಕೆ ಉತ್ತರ ನಮ್ಮ ಕನ್ನಡದಲ್ಲೇ ಐತೆ. ಘಂಟೆ ನಮ್ಮಲ್ಲಿ ಗಂಟೆ ಆಗಿ ಎಷ್ಟು ಕಾಲ ಆಯ್ತೋ. ಕಥೆ ಕತೆ ಆಯ್ತು, ಧ್ವನಿ ದನಿ ಆಯ್ತು, ಸಂಧ್ಯಾ ಸಂಜೆ ಆಯ್ತು. ಸಂಜೆ ದೀಪ ಹಚ್ಚೋಳು ಯಾರೂ ತಪ್ಪು ಕನ್ನಡ ಮಾತಾಡ್ದೆ ಅಂತ ನಾಚ್ಕಳಲ್ಲ. ಹಳಗನ್ನಡದಲ್ಲಿ ೞ, ಱ ಅಂತ ಎರಡು ಅಕ್ಷರ ಇದ್ವು. ಮಳೆನ ‘ಮೞೆ’ ಅಂತ, ಬಾಳೆನ ‘ಬಾೞೆ’ ಅಂತ ಬರೀತಿದ್ರು. ನಾಲಿಗೆಯಿಂದ ಹೋಯ್ತು, ಆಮೇಲೆ ಓಲೆಯಿಂದಾನೂ ಹೋಯ್ತು. ಮಳೆ ಬರೋದು ನಿಲ್ಲಲಿಲ್ಲ. 13ನೇ ಶತಮಾನದಲ್ಲಿ ಆಂಡಯ್ಯ ಅಂತ ಕವಿ ಸಂಸ್ಕೃತದ ಪದಗಳನ್ನ ಇದ್ದಹಾಗೇ ತಗೊಳ್ಳದೆ, ಬರೀ ದೇಸಿ ಪದ, ತದ್ಭವ ಪದ ಇಟ್ಕಂಡು ‘ಕಬ್ಬಿಗರ ಕಾವ’ ಅಂತ ಇಡೀ ಕಾವ್ಯ ಕಟ್ಟಿದ. ಎಂಟುನೂರು ವರ್ಷದ ಹಿಂದಿನ ಆಸೆ ಇದು, ನಿನ್ನೆ ಮೊನ್ನೆ ಹುಡುಗರದ್ದಲ್ಲ. ನಮ್ಮ ಚಿಕ್ಕಪ್ಪಾನೇ ಆಂಡಯ್ಯನ್ನ ಪಾಠ ಮಾಡಿದೋರು. ಹುಡುಗ ಪಂಡಿತರನ್ನ ಬೈಯೋ ಬದಲು ಈ ಮಾತು ತೆಗೆದಿದ್ರೆ ತಾತ ಮೊಮ್ಮಗ ಕೂತು ಕಾಫಿ ಕುಡಿಯುತ್ತಾ ಮಾತಾಡೋರು.

ಮೂರು, ‘ಮುಂದಿನ ಮಕ್ಕಳು ಹಳೇ ಪುಸ್ತಕ ಓದೋದು ಹೆಂಗೆ?’ ಇದು ಗಟ್ಟಿ ಕಾಳು. ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ನಾವೆಲ್ಲಾ ಹೋಗಿ ಬಂದೋರೇ. ಅಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗೇಶ್ವರರ ವಚನಗಳ ಪುಸ್ತಕದ ಹೆಸರೇ ‘ಷಟ್‌ಸ್ಥಲಜ್ಞಾನಸಾರಾಮೃತ’. ಮೊದಲ ಅಕ್ಷರವೇ ಷ, ಮಧ್ಯದಲ್ಲಿ ಥ ಮತ್ತೆ ಜ್ಞ, ಕೊನೇಲಿ ಋ. ಹೊಸ ಬರಹದ ಮಗು ಆ ಹೆಸರಿನ ಮುಂದೇನೇ ಎಡವುತ್ತೆ. ಇದಕ್ಕೆ ‘ಏನೂ ಆಗಲ್ಲ’ ಅಂತ ಅಂದ್ರೆ ಅದು ಉತ್ತರ ಅಲ್ಲ. ನಷ್ಟ ಐತೆ ಅಂತ ಒಪ್ಕಬೇಕು. ನನಗೆ ತೋಚೋದು ಹಿಂಗೆ: ಮಕ್ಕಳು ಓದೋಕೆ 49 ಅಕ್ಷರಾನೂ ಕಲೀಲಿ. ಅದರಿಂದ ಯಾರೂ ಸತ್ತಿಲ್ಲ. ಆದ್ರೆ ಬರೆಯುವಾಗ ಒಂದು ಹೊಟ್ಟೆ ಸೀಳೋದು ಮರೆತ್ರೆ ಮಾರ್ಕ್ಸೂ ಕಳೀಬ್ಯಾಡಿ, ಮಾನಾನೂ ಕಳೀಬ್ಯಾಡಿ. ಓದೋದು ಬೇರೆ, ಬರೆಯೋದು ಬೇರೆ.

ನಾಲ್ಕು, ‘ಎಲ್ಲರ ಕನ್ನಡ ಅಂತೀರಲ್ಲ, ಮಿಂಬಲೆ ಅಂದ್ರೆ ಯಾರಿಗೆ ಅರ್ಥ ಆಗುತ್ತೆ?’ ಇಲ್ಲಿ ನಾನು ಚಿಕ್ಕಪ್ಪನ ಕಡೆ. ನಮ್ಮ ಬೀದೀಲಿ ನೂರು ಹೆಂಗಸರನ್ನ ಕೇಳಿ, ‘ನೆಟ್’ ಅಂತಾರೆ. ನಾವು ಯಾರೂ ಮಿಂಬಲೆ ಅನ್ನಲ್ಲ. ಎಲ್ಲರ ಹೆಸರು ಇಟ್ಕಂಡ ಮೇಲೆ ಎಲ್ಲರ ಬಾಯಲ್ಲಿರೋ ಪದ ಎತ್ಕಬೇಕು. ಇದೇ ತಪ್ಪನ್ನ ಎಸ್ಪೆರಾಂಟೊ ಮೇಲೂ ಹೊರಿಸವ್ರೆ. ಇಡೀ ಲೋಕದ ಭಾಷೆ ಅಂತೀರ, ಪದಗಳೆಲ್ಲಾ ಯೂರೋಪಿನವು, ಚೀನಾದೋರಿಗೆ ಜಪಾನಿನೋರಿಗೆ ಇದು ಹೆಂಗೆ ಸುಲಭ ಅಂತ. ವ್ಯಾಕರಣ ಸುಲಭ ಅಂತ ಅವರು ಅಂತಾರೆ, ನಿಜಾನೂ ಇರಬಹುದು. ಆದ್ರೆ ಪದದ ವಿಷಯದಲ್ಲಿ ಟೀಕೆ ಮಾಡಿದೋರು ಹೇಳಿದ್ದು ಸರಿ, ಅದನ್ನ ಸರಿ ಅಂತ ಒಪ್ಪೋದೇ ಮರ್ಯಾದೆ.

ಎಸ್ಪೆರಾಂಟೊದಲ್ಲಿ ನಮಗೆ ಸಂಬಂಧಪಟ್ಟ ಇನ್ನೊಂದು ಐತೆ, ಕೇಳಿ. ಆ ಭಾಷೇಲಿ ಅಪ್ಪನಿಗೆ ‘ಪಾತ್ರೊ’. ಅಮ್ಮನಿಗೆ ಬೇರೆ ಪದ ಇಲ್ಲ, ಅಪ್ಪನಿಗೇ ಒಂದು ಬಾಲ ಸೇರಿಸಿ ‘ಪಾತ್ರಿನೊ’. ಅಣ್ಣತಮ್ಮನಿಗೆ ‘ಫ್ರಾತೊ’, ಅಕ್ಕತಂಗಿಗೆ ‘ಫ್ರಾತಿನೊ’. ಅಪ್ಪನ ಬಾಲ ಆಗಿ ಅಮ್ಮ! ನಮ್ಮ ಕನ್ನಡದಲ್ಲಿ ಅಮ್ಮ ಅನ್ನೋ ಪದ ಯಾರ ಹಂಗಿನಲ್ಲೂ ಇಲ್ಲ. ಈ ವಿಷಯಕ್ಕೆ ಹೊರಗಿನೋರೂ ಬೈದ್ರು, ಆ ಭಾಷೆ ಮಾತಾಡೋ ಹೆಂಗಸರೂ ಕೇಳಿದ್ರು. ಆಗ ಅವರಲ್ಲೇ ಕೆಲವರು, ಹೆಣ್ಣಿಗೆ ಬಾಲ ಇದ್ದ ಹಂಗೆ ಗಂಡಿಗೂ ಒಂದು ಬಾಲ ಇರಲಿ ಅಂತ ‘ಇಚ್’ ಅನ್ನೋದನ್ನ ಸೇರಿಸೋಕೆ ಶುರು ಮಾಡಿದ್ರು. ಅವನು, ಅವಳು ಅನ್ನೋದರ ಜೊತೆಗೆ ಗಂಡು ಹೆಣ್ಣು ಯಾರಿಗಾದ್ರೂ ಹೊಂದೋ ‘ರಿ’ ಅನ್ನೋ ಪದಾನೂ ಬಳಕೆಗೆ ತಂದ್ರು. ಎಲ್ಲಾರೂ ಒಪ್ಪಿಲ್ಲ, ಇನ್ನೂ ವಾದ ನಡೀತಾನೇ ಐತೆ. ನನಗೆ ಇದು ಹಿಡಿಸ್ತು. ಟೀಕೇಲಿ ನಿಜ ಕಂಡಾಗ ಬೈದೋರ ಬಾಯಿ ಮುಚ್ಚಿಸೋಕೆ ಹೋಗದೆ ತಮ್ಮ ಮನೆ ಸರಿ ಮಾಡ್ಕಳೋಕೆ ಕೂತ್ರು.

ಹಂಗಂತ ಮನೆ ರಿಪೇರಿನೇ ಬದುಕಾಗ್ಬಾರ್ದು. 1907ರಲ್ಲಿ ಅವರಲ್ಲೇ ಕೆಲವರು ತಿದ್ದುಪಡಿ ಮೇಲೆ ತಿದ್ದುಪಡಿ ಕೇಳಿ, ಒಡೆದು ಹೋಗಿ, ‘ಇಡೊ’ ಅಂತ ಇನ್ನೊಂದು ಭಾಷೇನೇ ಮಾಡ್ಕಂಡ್ರು. ಜಗಳ ಆಡಿದ ವಿಷಯದಲ್ಲಿ ಒಂದು ಏನು ಗೊತ್ತಾ? ಎಸ್ಪೆರಾಂಟೊದ 28 ಅಕ್ಷರದಲ್ಲಿ 6 ಅಕ್ಷರದ ತಲೆ ಮೇಲೆ ಟೋಪಿ ಥರ ಗುರುತು ಇರೋದು. ನಮಗೆ ಹೊಟ್ಟೆ ಸೀಳೋ ಗಲಾಟೆ, ಅವರಿಗೆ ಟೋಪಿ ಗಲಾಟೆ. ಎಲ್ಲಾ ಕಡೆ ದೋಸೆ ತೂತೇ ಕಣ್ರಮ್ಮ. ಇವತ್ತು ಟೋಪಿ ಇರೋ ಎಸ್ಪೆರಾಂಟೊನೇ ಜಾಸ್ತಿ ಜನ ಮಾತಾಡ್ತಾರೆ, ತಿದ್ದಿದ ಇಡೊ ಮಾತಾಡೋರು ಕಮ್ಮಿ.

ಇಷ್ಟೆಲ್ಲಾ ಯಾಕೆ ಬರೆದೆ ಅಂದ್ರೆ, ನನಗೆ ಈ ಅಕ್ಷರದ ವಿಷಯ ಬರೀ ವಾದ ಅಲ್ಲ. ನನ್ನ ನಾದಿನಿ ಒಬ್ಬಳು ಅವ್ಳೆ, ಯಾರು ಅಂತ ನಿಮಗೆ ಗೊತ್ತು, ಹೆಸರು ಬ್ಯಾಡ. ಐದನೇ ಕ್ಲಾಸು ಓದಿರೋಳು. ಅವಳ ಹಳ್ಳಿ ಹೆಂಗಸರ ಸಂಘದ ಪುಸ್ತಕ ವರ್ಷಾನುಗಟ್ಟಲೆ ಅವಳೇ ಬರೀತಿದ್ಲು. ಸಾಲ ಎಷ್ಟು, ಬಡ್ಡಿ ಎಷ್ಟು, ಯಾರು ಕಟ್ಟಿದ್ರು, ಯಾರು ಬಾಕಿ, ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿದ್ದಿಲ್ಲ. ಒಂದಿನ ಪುಸ್ತಕ ನೋಡೋಕೆ ಬಂದ ಒಬ್ರು, ‘ಸಬೆ ನೆಡೀತು, ಆಜರಿ 14’ ಅಂತ ಅವಳು ಬರೆದಿದ್ದನ್ನ ಎಲ್ಲರ ಮುಂದೆ ಜೋರಾಗಿ ಓದಿ ನಕ್ಕರು. ಆ 14 ಜನರಲ್ಲೂ ಕೆಲವರು ನಕ್ಕರು. ಅವತ್ತಿಂದ ಅವಳು ಪೆನ್ನು ಮುಟ್ಟಿಲ್ಲ. ಈಗ ಮಗಳು ಬರೀತಾಳೆ, ಅಮ್ಮ ಬಾಯಲ್ಲಿ ಹೇಳ್ತಾಳೆ. ನಮ್ಮ ಗುಂಪಿನಲ್ಲೂ ನೋಡಿ, ಅರ್ಧ ಜನ ಬರೆಯಲ್ಲ, ಬರೀ ವಾಯ್ಸ್ ಮೆಸೇಜು. ಕೇಳಿದ್ರೆ ‘ಒತ್ತು ಗಿತ್ತು ತಪ್ಪಾಗುತ್ತೆ ಕಣಕ್ಕ’ ಅಂತಾರೆ.

ಎಲ್ಲರ ಕನ್ನಡದ ಪ್ರಕಾರ ನನ್ನ ನಾದಿನಿಯ ‘ಸಬೆ’ ಸರಿ. ಇಷ್ಟಕ್ಕೆ ನಾನು ಆ ವಿದ್ವಾಂಸರಿಗೆ ಕೈ ಮುಗೀತೀನಿ. ಅವಳ ಬರಹ ತಪ್ಪಲ್ಲ, ಅವಳ ನಾಲಿಗೆಗೆ ಹೊಂದಿರೋ ಬರಹ ಅಂತ ಇಷ್ಟು ದೊಡ್ಡ ಓದಿನೋರು ಯಾರು ಹೇಳಿದ್ರು? ಆದ್ರೆ ‘ಆಜರಿ’? ಅಲ್ಲಿಗೆ ಎಲ್ಲರ ಕನ್ನಡಾನೂ ಬರಲ್ಲ. 31 ಅಕ್ಷರದಲ್ಲಿ ಹ ಐತೆ. ನಮ್ಮ ಕಡೆ ಎಷ್ಟೋ ಜನರ ಬಾಯಲ್ಲಿ ಹಾಲು ‘ಆಲು’, ಹಬ್ಬ ‘ಅಬ್ಬ’. ಮಹಾಪ್ರಾಣ ತೆಗೆದ್ರೂ ನಾಳೆ ನಗೋರು ಹ ಹಿಡ್ಕಂಡು ನಗ್ತಾರೆ. ಹ ತೆಗೆದ್ರೆ ಳ ಹಿಡ್ಕಂಡು ನಗ್ತಾರೆ. ಅಕ್ಷರ ಕಮ್ಮಿ ಮಾಡಿದ್ರೆ ನಗು ಕಮ್ಮಿ ಆಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಎಲ್ಲರ ಕನ್ನಡದೋರಿಗೆ ನಾನು ಕೇಳೋ ಪ್ರಶ್ನೆ ಇದು. ಇದು ಹೊಟ್ಟಲ್ಲ, ಕಲ್ಲಲ್ಲ, ಕಾಳು. ನೀವು ಅಕ್ಷರದ ಪಟ್ಟಿ ತಿದ್ದೋ ಜೊತೆಗೆ ನಗೋ ಚಾಳಿನೂ ತಿದ್ದಬೇಕು. ನೀವೇ ತಾತನ ಮೇಲೆ ನಗ್ತಾ ಕೂತ್ರೆ, ನಿಮ್ಮ ಕೈಲಿ ಅದು ಆಗಲ್ಲ.

ನಮ್ಮ ಗುಬ್ಬಿ ವೀರಣ್ಣನೋರ ನಾಟಕ ಕಂಪನಿ ನೆನಪು ಮಾಡ್ಕಳಿ. ಆ ಕಾಲದ ಕಂಪನಿ ನಾಟಕಗಳಲ್ಲಿ ರಾಜ, ಮಂತ್ರಿ ಪುಸ್ತಕದ ಭಾಷೆ ಆಡೋರು, ಹಾಸ್ಯದೋರು ನಮ್ಮಂಥೋರ ಭಾಷೆ ಆಡೋರು. ‘ಸದಾರಮೆ’ ನಾಟಕದಲ್ಲಿ ವೀರಣ್ಣನೋರ ಕಳ್ಳನ ಪಾತ್ರ ನೋಡೋಕೆ ಜನ ಮುಗಿಬೀಳ್ತಿದ್ರು ಅಂತ ನಮ್ಮಜ್ಜಿ ಹೇಳೋರು. ಜನ ಪ್ರೀತಿಸಿದ್ದು ಆ ಮಾತನ್ನೇ. ಆದ್ರೂ ನೋಡಿ, ನಮ್ಮ ಮನೆಮಾತಿಗೆ ಸಿಕ್ಕಿದ್ದು ನಗಿಸೋ ಪಾತ್ರ. ನಮ್ಮ ಮಾತಲ್ಲೂ ಗಂಭೀರ ವಿಷಯ ಹೇಳ್ಬಹುದು, ಲೆಕ್ಕ ಇಡಬಹುದು, ಜಗಳ ಬಿಡಿಸಬಹುದು ಅಂತ ತೋರಿಸೋದು ಬಾಕಿ ಐತೆ. ಅದನ್ನ ವಾದ ಮಾಡಿ ತೋರಿಸೋಕಾಗಲ್ಲ, ಬರೆದೇ ತೋರಿಸ್ಬೇಕು.

ಇನ್ನು ಲಗ್ನಪತ್ರಿಕೆ ವಿಷಯದ ತೀರ್ಪು, ನೀವು ಕೇಳಿದ್ದಕ್ಕೆ. ಪತ್ರಿಕೆ ಅನ್ನೋದು ಕರೆಸ್ಕಳೋರಿಗೆ ಸೇರಿದ್ದು. ಊಟಕ್ಕೆ ಕರೆದು ನಮಗೆ ಇಷ್ಟ ಅಂತ ಬರೀ ಹಾಗಲಕಾಯಿ ಬಡಿಸ್ತೀವಾ? ಬರೋರಲ್ಲಿ ಎಂಬತ್ತು ವರ್ಷದೋರು ಇರ್ತಾರೆ, ಅವರ ಕಣ್ಣಿಗೆ ಪಳಗಿದ ಅಕ್ಷರ ಹಾಕೋದು ಮರ್ಯಾದೆ. ಹುಡುಗ ತನ್ನ ಬರಹಕ್ಕೆ ಕೆಲಸ ಕೊಡ್ಲಿ, ಬ್ಯಾಡ ಅನ್ನಲ್ಲ. ಐದನೇ ಕ್ಲಾಸು ಓದಿದೋರಿಗೆ ಬ್ಯಾಂಕಿನ ಫಾರಂ ತುಂಬೋದು ಹೆಂಗೆ, ಆಸ್ಪತ್ರೆ ಚೀಟಿ ಓದೋದು ಹೆಂಗೆ, ಸಂಘದ ಪುಸ್ತಕ ಬರೆಯೋದು ಹೆಂಗೆ ಅಂತ ಒಂದು ಸಣ್ಣ ಪುಸ್ತಕ ಆ 31 ಅಕ್ಷರದಲ್ಲಿ ಬರೀಲಿ. ಅದನ್ನ ಮೊದ್ಲು ಹಂಚೋಳು ನಾನೇ. ಚಿಕ್ಕಪ್ಪನಿಗೂ ಒಂದು ಮಾತು, ನಾನು ಅವರ ಕೈಲಿ ಬೆಳೆದ ಮಗಳಾಗಿ ಹೇಳ್ತೀನಿ: ಪ್ರಶ್ನೆ ಕೇಳಿ ಚಿಕ್ಕಪ್ಪ, ನಿಮ್ಮ ಪ್ರಶ್ನೆ ಬೇಕು. ನಗಬ್ಯಾಡಿ. ನಿಮ್ಮ ನಗು ಹುಡುಗನ ಬೆನ್ನಿಗೆ ತಾಗಲ್ಲ, ಅಡಿಗೆಮನೇಲಿ ಕೂತು ಕೇಳಿಸ್ಕತಿರೋ ಹೆಣ್ಣುಮಕ್ಕಳ ಬೆರಳಿಗೆ ತಾಗುತ್ತೆ. ಮದ್ವೆಗೆ ಬನ್ನಿ, ಅಕ್ಷತೆ ಹಾಕಿ, ಮಹಾಪ್ರಾಣ ಹಾಕೇ ಹರಸಿ.

ನಿಮ್ಮೆಲ್ಲರಿಗೂ ಒಂದು ಕೆಲಸ. ಮುಂದಿನ ಸಲ ಅವರೆಕಾಳಿನ ಅಡಿಗೆ ಹಾಕ್ತೀನಿ ಅಂದಿದ್ದೆ. ಹಿದುಕಿದವರೆ ಸಾರಿಗೆ ನಿಮ್ಮ ನಿಮ್ಮ ಮನೆ ಅಳತೆ ಬರೆದು ಕಳಿಸಿ. ವಾಯ್ಸ್ ಬ್ಯಾಡ, ಬರೀಬೇಕು. ಹ ಬಿಟ್ರೂ ಸರಿ, ಹೊಟ್ಟೆ ಸೀಳದಿದ್ರೂ ಸರಿ, ಪಾವಿನಲ್ಲಿ ಬರೆದ್ರೂ ಸರಿ. ನೀವು ತಿದ್ದು ಅಂತ ಹೇಳಿದ್ರೆ ತಿದ್ತೀನಿ, ಇಲ್ಲದಿದ್ರೆ ನೀವು ಬರೆದ ಹಂಗೇ ಹಾಕ್ತೀನಿ. ನನ್ನ ನಾದಿನೀನೂ ಇದನ್ನ ಓದ್ತಾಳೆ ಅಂತ ನನಗೆ ಗೊತ್ತು. ಅವಳ ಸಾರಿನ ಅಳತೆ ನಮ್ಮಲ್ಲಿ ಯಾರಿಗೂ ಬರಲ್ಲ.